ಹಗುರ ಗಾಳ, ಭಾರವಾದ ನೂಲು

ಕೋಳಿಯ ಪುಕ್ಕವೊಂದನ್ನು ಕೈಯಲ್ಲಿ ಹಿಡಿದು, ಇರುವ ಬಲವನ್ನೆಲ್ಲ ಹಾಕಿ ಬೀಸಿ ಎಸೆಯಿರಿ. ಅದು ಎರಡು ಮಾರು ದೂರವೂ ಹೋಗದೆ, ತೇಲಾಡುತ್ತ ಕಾಲ ಬಳಿಯೇ ಬಂದು ಬೀಳುತ್ತದೆ. ಅಷ್ಟೇ ಬಲದಿಂದ ಎಸೆದ ಬೆಣಚುಕಲ್ಲು ಹೊಳೆಯ ನಟ್ಟನಡುವಿಗೆ ಹೋಗಿ ಬಿದ್ದೀತು. ಕಲ್ಲಿಗೆ ಸಾಧ್ಯವಾದುದು ಪುಕ್ಕಕ್ಕೆ ಏಕೆ ಸಾಧ್ಯವಾಗಲಿಲ್ಲ? ಪುಕ್ಕದ ದ್ರವ್ಯರಾಶಿ ಅತ್ಯಲ್ಪ, ಅದರ ಮೈಯ ಹರವು ಹೆಚ್ಚು. ಕೈಯಿಂದ ಅದು ಪಡೆದ ಅಲ್ಪ ಚಲನಶಕ್ತಿಯನ್ನು ಗಾಳಿಯ ತಡೆ ಕ್ಷಣಮಾತ್ರದಲ್ಲಿ ಕಸಿದುಕೊಳ್ಳುತ್ತದೆ.

ಹೀಗಿರುವಾಗ, ಒಂದು ಗ್ರಾಮಿನಷ್ಟೂ ತೂಗದ ಪುಕ್ಕದ ಗಾಳವೊಂದನ್ನು ಇಪ್ಪತ್ತು ಮೀಟರು ದೂರದ ಬಂಡೆಯ ಬುಡಕ್ಕೆ, ಗುರಿಯಿಟ್ಟು ತಲಪಿಸುವ ಜನರಿದ್ದಾರೆ ಎಂದರೆ ವಾಚಕರು ನಂಬುವುದು ಕಷ್ಟ. ಆದರೆ ಇದು ನಿಜ. ಶೀತಪ್ರದೇಶಗಳ ತೊರೆಗಳಲ್ಲಿ ಟ್ರೌಟ್ ಎಂಬ ಮೀನನ್ನು ಹಿಡಿಯಲು ಈ ವಿದ್ಯೆ ಬೆಳೆದುಬಂದಿತು. ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸುವುದಕ್ಕೆ ಬದಲಾಗಿ, ನೊಣದಂತೆಯೋ ಮರಿಮೀನಿನಂತೆಯೋ ಕಾಣುವ ಹಾಗೆ ಅದಕ್ಕೆ ಕೂದಲು, ಗರಿ, ನೂಲುಗಳನ್ನು ಕಟ್ಟುತ್ತಾರೆ. ಮರಿಮೀನನ್ನು ಹೋಲುವ, ನೀರೊಳಗೆ ಮುಳುಗಿ ನಡೆಯುವ ಉದ್ದನೆಯ ಗಾಳಕ್ಕೆ ‘ಸ್ಟ್ರೀಮರ್’ ಎಂದು ಹೆಸರು. ಈ ಆಟಿಕೆಯ ಹಿಂದೆ ನಮ್ಮ ಪಠ್ಯಪುಸ್ತಕದ ಭೌತಶಾಸ್ತ್ರ ಎಷ್ಟು ಅಡಗಿದೆ ಎಂಬುದನ್ನೂ, ನಮ್ಮ ಕಾವೇರಿಯ ಒಂದು ಮಹಾಮತ್ಸ್ಯದ ಅಳಿವು ಉಳಿವಿಗೂ ಗಾಳ ಹಾಕುವವರಿಗೂ ಉಂಟಾದ ವಿಚಿತ್ರ ಸಂಬಂಧವನ್ನೂ ಈ ಲೇಖನದಲ್ಲಿ ನೋಡೋಣ.

ಹಳೆಯ ವಿನೋದ

ಗರಿಯ ಗಾಳದ ಪ್ರಸ್ತಾಪ ಬಹು ಹಿಂದಿನದು. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿದ್ದ ಏಲಿಯನ್ ಎಂಬ ರೋಮನ್ ಗ್ರಂಥಕಾರನು, ಮ್ಯಾಸಿಡೋನಿಯದ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ.

ನಮ್ಮ ನಾಡೂ ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ‘ಮತ್ಸ್ಯವಿನೋದ’ ಎಂಬ ಪ್ರಕರಣವೇ ಉಂಟು. ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಯಾವ ಮೀನಿಗೆ ಯಾವ ಆಹಾರ ಇಷ್ಟ ಎಂಬುದನ್ನೆಲ್ಲ ಅರಸನು ವಿವರಿಸಿದ್ದಾನೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿದ್ದಾನೆ. ಭಾರತದ ಹೆಸರಾಂತ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ವಿದ್ವತ್ ಲೋಕದ ಮುಂದಿಟ್ಟರು. ಮೀನನ್ನು ಹಿಡಿಯಬೇಕಾದರೆ ಮೊದಲು ಅದರ ನಡೆನುಡಿ ತಿಳಿಯಬೇಕು ಎಂಬ ತತ್ತ್ವ ಎಂಟು ಶತಮಾನಗಳ ಹಿಂದೆಯೇ ಕನ್ನಡ ನೆಲದಲ್ಲಿ ಗ್ರಂಥಸ್ಥವಾಗಿತ್ತು.

ಎಸೆಯುವುದು ನೂಲನ್ನು

ಈಗ ಮೊದಲಿನ ಒಗಟಿಗೆ ಬರೋಣ. ಸಾಮಾನ್ಯ ಗಾಳದಲ್ಲಿ ಎರೆಯೊಂದಿಗೆ ಸೀಸದ ಗುಂಡನ್ನು ಕಟ್ಟುತ್ತಾರೆ. ಗುಂಡು ಹಾರುತ್ತದೆ, ತೆಳು ದಾರ ಅದರ ಹಿಂದೆ ಓಡುತ್ತದೆ. ಗರಿಯ ಗಾಳದಲ್ಲಿ ಈ ಕ್ರಮ ತಲೆಕೆಳಗು. ಇಲ್ಲಿ ಭಾರವೆಲ್ಲ ನೂಲಿನಲ್ಲಿದೆ. ಪ್ಲಾಸ್ಟಿಕ್ಕಿನ ಲೇಪವುಳ್ಳ ಈ ದಪ್ಪ ನೂಲನ್ನು ತೂಕಕ್ಕೆ ತಕ್ಕಂತೆ ಸಂಖ್ಯೆಗಳಿಂದ ಗುರುತಿಸುತ್ತಾರೆ. ೫ನೆಯ ಸಂಖ್ಯೆಯ ನೂಲಿನ ಮೊದಲ ೯ ಮೀಟರಿನ ತೂಕ ಸುಮಾರು ೯ ಗ್ರಾಂ. ೮ನೆಯ ಸಂಖ್ಯೆಯದು ಸುಮಾರು ೧೩.೬ ಗ್ರಾಂ. ಮೀನುಗಾರನು ಎಸೆಯುವುದು ಈ ನೂಲನ್ನು. ಗಾಳವು ಅದರ ತುದಿಯಲ್ಲಿ ಸುಮ್ಮನೆ ಕುಳಿತು ಸವಾರಿ ಮಾಡುತ್ತದೆ.

ಕೋಲನ್ನು ಹಿಂದಕ್ಕೆ ಬೀಸಿದಾಗ ನೂಲು ಬೆನ್ನ ಹಿಂದೆ ಗಾಳಿಯಲ್ಲಿ ನೇರವಾಗಿ ಚಾಚುತ್ತದೆ. ಆಗ ಕೋಲನ್ನು ಕ್ರಮವಾಗಿ ವೇಗ ಹೆಚ್ಚಿಸುತ್ತ ಮುಂದಕ್ಕೆ ತಂದು ತಟ್ಟನೆ ನಿಲ್ಲಿಸಬೇಕು. ಬಿಲ್ಲಿನಂತೆ ಬಾಗಿದ್ದ ಕೋಲು ನೆಟ್ಟಗಾಗುತ್ತ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ನೂಲಿಗೆ ಕೊಡುತ್ತದೆ. ಕೋಲಿನ ತುದಿ ನಿಂತರೂ ನೂಲು ನಿಲ್ಲುವುದಿಲ್ಲ. ಅದು ಕುದುರೆಲಾಳವನ್ನು ಅಡ್ಡ ಮಲಗಿಸಿದಂತೆ ಮಡಿಸಿಕೊಂಡು ಮುಂದೆ ಸಾಗುತ್ತದೆ. ಮಡಿಕೆಯ ಕೆಳಗಿನ ಎಳೆ ಕೋಲಿಗೆ ಕಟ್ಟಿಹಾಕಿದಂತೆ ಹೆಚ್ಚುಕಡಿಮೆ ನಿಶ್ಚಲ. ಮೇಲಿನ ಎಳೆ ಮಾತ್ರ ಚಲಿಸುತ್ತಿರುತ್ತದೆ.

ಮಡಿಕೆ ಮುಂದೆ ಮುಂದೆ ಹೋದಂತೆ ಮೇಲಿನ ಎಳೆ ಗಿಡ್ಡವಾಗುತ್ತದೆ, ಅಂದರೆ ಚಲಿಸುವ ದ್ರವ್ಯರಾಶಿ ಕಡಿಮೆಯಾಗುತ್ತದೆ. ಚಲನಶಕ್ತಿಯು ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ ಎಂಬುದು ನಿಮಗೆ ತಿಳಿದಿದೆ. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆತರೆ, ಶಕ್ತಿ ಉಳಿದುಕೊಳ್ಳಲೇಬೇಕು; ದ್ರವ್ಯರಾಶಿ ಇಳಿದಾಗ ವೇಗ ಏರಲೇಬೇಕು. ಚಲಿಸುವ ಭಾಗ ನಾಲ್ಕನೆಯ ಒಂದಕ್ಕೆ ಇಳಿದರೆ ವೇಗ ಇಮ್ಮಡಿ. ಹದಿನಾರನೆಯ ಒಂದಕ್ಕೆ ಇಳಿದರೆ ನಾಲ್ಮಡಿ. ಗಾಡಿ ಹೊಡೆಯುವವನ ಚಾವಟಿ ‘ಛಟೀರ್’ ಎನ್ನುವುದೂ ಇದೇ ಕಾರಣದಿಂದ. ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವ ಚಾವಟಿಯ ತುದಿ ಶಬ್ದದ ವೇಗವನ್ನೂ ಮೀರಬಲ್ಲುದು; ನಮಗೆ ಕೇಳಿಸುವುದು ಆಗ ಹುಟ್ಟಿದ ಆಘಾತ ತರಂಗದ ಸದ್ದು.

ಗಾಳದ ನೂಲಿನಲ್ಲಿ ಇಷ್ಟು ರಭಸ ಬೇಡ. ಗಾಳಿಯ ತಡೆ ಹೆಚ್ಚಿನ ಶಕ್ತಿಯನ್ನು ನುಂಗಿ, ಕೊನೆಯಲ್ಲಿ ಗಾಳವು ಸದ್ದಿಲ್ಲದೆ ನೀರಿಗಿಳಿಯುವಂತೆ ಮಾಡುತ್ತದೆ. ಮಡಿಕೆ ಕಿರಿದಾಗಿದ್ದರೆ ಗಾಳಿಗೆ ಒಡ್ಡಿದ ಮುಖವೂ ಕಿರಿದು, ಎಸೆತ ದೂರ. ಮಡಿಕೆ ಅಗಲವಾದರೆ ಶಕ್ತಿ ದಾರಿಯಲ್ಲೇ ವ್ಯಯ. ಸ್ಟ್ರೀಮರು ನೊಣದ ಗಾಳಕ್ಕಿಂತ ದೊಡ್ಡದು, ನೆನೆದ ಮೇಲಂತೂ ಇನ್ನೂ ಭಾರ. ಅದನ್ನು ಹೊತ್ತೊಯ್ಯಲು ಹೆಚ್ಚು ಸಂಖ್ಯೆಯ, ಎಂದರೆ ಹೆಚ್ಚು ತೂಕದ, ನೂಲು ಬೇಕಾಗುತ್ತದೆ.

ಮೀನಿನ ಕಿಟಕಿ

ಇಷ್ಟು ಕಷ್ಟಪಟ್ಟು ದೂರಕ್ಕೆ ಎಸೆಯುವುದಾದರೂ ಏಕೆ? ಹತ್ತಿರ ಹೋಗಿ ಗಾಳವನ್ನು ಇಳಿಬಿಡಬಾರದೆ? ಇದಕ್ಕೆ ಉತ್ತರ ಬೆಳಕಿನ ವಕ್ರೀಭವನದಲ್ಲಿದೆ.

ಗಾಳಿಯಿಂದ ನೀರಿಗೆ ಬರುವ ಕಿರಣ ಲಂಬದ ಕಡೆಗೆ ಬಾಗುತ್ತದೆ. ನೀರಿನ ವಕ್ರೀಭವನಾಂಕ ಸುಮಾರು ೧.೩೩. ದಿಗಂತದಿಂದ ನೀರನ್ನು ಸವರಿಕೊಂಡು ಬಂದ ಕಿರಣವೂ ಒಳಹೊಕ್ಕ ಮೇಲೆ ಲಂಬದೊಡನೆ ೪೮.೬ ಡಿಗ್ರಿಗಿಂತ ಹೆಚ್ಚಿನ ಕೋನ ಮಾಡಲಾರದು. ಆದಕಾರಣ ಮೀನು ತಲೆಯೆತ್ತಿ ನೋಡಿದರೆ, ನೀರಿನ ಮೇಲಿನ ಇಡೀ ಲೋಕ ಅದಕ್ಕೆ ಒಂದು ದುಂಡನೆಯ ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ. ಒಂದು ಮೀಟರು ಆಳದಲ್ಲಿರುವ ಮೀನಿಗೆ ಈ ಕಿಟಕಿಯ ವ್ಯಾಸ ಸುಮಾರು ೨.೩ ಮೀಟರು. ಕಿಟಕಿಯ ಹೊರಗೆ ನೀರಿನ ಮೇಲ್ಮೈ ಕನ್ನಡಿಯಂತೆ ವರ್ತಿಸಿ ಹೊಳೆಯ ತಳವನ್ನೇ ಪ್ರತಿಫಲಿಸುತ್ತದೆ.

ಆಳೆತ್ತರದ ಮನುಷ್ಯನು ಮೀನಿನಿಂದ ೧೦ ಮೀಟರು ದೂರದಲ್ಲಿ, ನೀರಿನ ಮಟ್ಟಕ್ಕೇ ನಿಂತಿದ್ದಾನೆನ್ನಿ. ಅವನ ತಲೆ ನೀರಿನ ಮಟ್ಟದಿಂದ ಸುಮಾರು ೧೦ ಡಿಗ್ರಿ ಮೇಲಿದೆ. ಲೆಕ್ಕ ಹಾಕಿ ನೋಡಿದರೆ, ತಲೆಯಿಂದ ಬಂದ ಕಿರಣ ನೀರಿನೊಳಗೆ ಲಂಬದೊಡನೆ ೪೭.೬ ಡಿಗ್ರಿ ಕೋನ ಮಾಡುತ್ತದೆ. ಎಂದರೆ ಅಂಗಾಲಿನಿಂದ ನೆತ್ತಿಯವರೆಗೆ ಇಡೀ ಮನುಷ್ಯನು ಕಿಟಕಿಯ ಅಂಚಿನ ಒಂದೇ ಒಂದು ಡಿಗ್ರಿಯೊಳಗೆ ಮುದುಡಿಹೋಗಿದ್ದಾನೆ! ಇಷ್ಟು ಓರೆಯಾಗಿ ಬಿದ್ದ ಬೆಳಕಿನಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ನೀರಿನ ಮೇಲಿಂದಲೇ ಪ್ರತಿಫಲನಗೊಂಡು ಹೋಗುವುದರಿಂದ ಅವನ ಬಿಂಬ ಮಸುಕೂ ಆಗಿರುತ್ತದೆ. ಅವನೇ ಎರಡು ಮೀಟರು ಸಮೀಪಕ್ಕೆ ಬಂದರೆ ಕಿಟಕಿಯ ಒಳಗೆ ಬೃಹದಾಕಾರನಾಗಿ ತೋರುತ್ತಾನೆ, ಮೀನು ಪರಾರಿ. ಭಾರವಾದ ನೂಲು, ಉದ್ದನೆಯ ಎಸೆತ ಎಲ್ಲವೂ ಮೀನುಗಾರನು ಈ ಕಿಟಕಿಯ ಅಂಚಿನಲ್ಲಿ ಅಡಗಿಕೊಳ್ಳುವ ಉಪಾಯಗಳು.

ನೀರಿನ ಮೇಲೆ ತೇಲುವ ನೊಣದ ಗಾಳ ಮೀನಿಗೆ ಚೆನ್ನಾಗಿ ಕಾಣಬೇಕಾದರೆ ಅದು ಕಿಟಕಿಯೊಳಗೆ ಬರಬೇಕು. ಮುಳುಗಿದ ಸ್ಟ್ರೀಮರಿಗೆ ಈ ನಿರ್ಬಂಧವಿಲ್ಲ. ನೀರಿನೊಳಗೆ ಬೆಳಕು ನೇರವಾಗಿಯೇ ಹೋಗುವುದರಿಂದ ಅದು ಅಕ್ಕಪಕ್ಕದಿಂದಲೂ ಕಾಣುತ್ತದೆ. ನೂಲನ್ನು ಎಳೆದು, ತಡೆದು, ಮತ್ತೆ ಎಳೆದಾಗ ಅದರ ಗರಿಗಳು ಮುದುಡಿ ಅರಳುತ್ತವೆ; ಗಾಯಗೊಂಡ ಮರಿಮೀನು ತತ್ತರಿಸುತ್ತ ಈಜಿದಂತೆ ತೋರುತ್ತದೆ.

ಕಣ್ಣಲ್ಲದೆ ಮೀನಿಗೆ ಇನ್ನೊಂದು ಇಂದ್ರಿಯ ಉಂಟು. ಅದರ ಮೈಯ ಎರಡೂ ಬದಿಗಳಲ್ಲಿ ತಲೆಯಿಂದ ಬಾಲದವರೆಗೆ ಓಡುವ ಪಾರ್ಶ್ವರೇಖೆಯಲ್ಲಿ ಸೂಕ್ಷ್ಮ ರೋಮಕೋಶಗಳ ಗುಂಪುಗಳಿವೆ. ಹತ್ತಿರದ ನೀರು ಅಲುಗಿದರೆ ರೋಮಗಳು ಬಾಗಿ ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಕೆಲವು ಸ್ಟ್ರೀಮರುಗಳ ತಲೆಗೆ ಜಿಂಕೆಯ ಕೂದಲನ್ನು ಒತ್ತಾಗಿ ಕಟ್ಟಿ ದಪ್ಪ ಮಾಡುವುದು ಇದಕ್ಕಾಗಿಯೇ. ಅಂಥ ತಲೆ ನೀರನ್ನು ತಳ್ಳುತ್ತ ಬರುವುದನ್ನು ಮಬ್ಬುಗತ್ತಲಿನಲ್ಲಿಯೂ ಮೀನು ಗ್ರಹಿಸಬಲ್ಲುದು.

ಶರದೃತುವಿನ ಲೆಕ್ಕ

ಯೂರೋಪು ಅಮೆರಿಕಗಳಲ್ಲಿ ಸ್ಟ್ರೀಮರಿಗೆ ಶರತ್ಕಾಲವೇ ಪ್ರಶಸ್ತವೆಂದು ಎಣಿಸುತ್ತಾರೆ. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮೀನಿನ ಮೈಯ ಉಷ್ಣತೆ ನೀರಿನ ಉಷ್ಣತೆಯನ್ನೇ ಅನುಸರಿಸುತ್ತದೆ. ನೀರು ಬಿಸಿಯಾದಂತೆ ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಆದರೆ ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದ ಒತ್ತಡದಲ್ಲಿ ೧೦ ಡಿಗ್ರಿ ಸೆಲ್ಸಿಯಸ್ಸಿನ ಒಂದು ಲೀಟರು ನೀರು ಸುಮಾರು ೧೧.೩ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, ೨೫ ಡಿಗ್ರಿಯಲ್ಲಿ ೮.೩ ಮಿಲಿಗ್ರಾಂ ಮಾತ್ರ. ಖರ್ಚು ಏರಿದಾಗಲೇ ವರಮಾನ ಇಳಿಯುವ ಸಂಸಾರದಂತೆ ಟ್ರೌಟು ಬೇಸಗೆಯಲ್ಲಿ ಸೊರಗುತ್ತದೆ. ಶರತ್ಕಾಲದ ತಂಪಿನಲ್ಲಿ ಚೇತರಿಸಿಕೊಳ್ಳುತ್ತದೆ. ಆ ವೇಳೆಗೆ ನೊಣಗಳ ಸಂಖ್ಯೆ ಇಳಿದಿರುತ್ತದೆ. ವಸಂತದಲ್ಲಿ ಹುಟ್ಟಿದ ಮರಿಮೀನುಗಳು ಬೆರಳುದ್ದ ಬೆಳೆದಿರುತ್ತವೆ. ಕಂದು ಟ್ರೌಟಿಗೆ ಮೊಟ್ಟೆಯಿಡುವ ಕಾಲವೂ ಅದೇ ಆದ್ದರಿಂದ ಗಂಡುಗಳು ಜಗಳಗಂಟಿಗಳಾಗಿ, ಎದುರು ಬಂದುದರ ಮೇಲೆ ಎರಗುತ್ತವೆ.

ಮೈಸೂರಿಗೆ ಸಮೀಪದಲ್ಲಿ ಟ್ರೌಟು ಇರುವುದು ನೀಲಗಿರಿಯಲ್ಲಿ. ಅದು ಅಲ್ಲಿಯ ಮೂಲನಿವಾಸಿಯಲ್ಲ. ೧೮೬೦ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ ಅದನ್ನು ತರಲು ಮಾಡಿದ ಯತ್ನ ಫಲಿಸಲಿಲ್ಲ. ೨೦ನೆಯ ಶತಮಾನದ ಮೊದಲ ದಶಕದಲ್ಲಿ ಹೆಚ್. ಸಿ. ವಿಲ್ಸನ್ ಅವರ ಪ್ರಯತ್ನದಿಂದ ಅವಲಾಂಚೆಯಲ್ಲಿ ಮರಿಕೇಂದ್ರ ಏರ್ಪಟ್ಟು, ಕಾಮನಬಿಲ್ಲಿನ ಟ್ರೌಟು ಅಲ್ಲಿಯ ತಣ್ಣನೆಯ ತೊರೆಗಳಲ್ಲಿ ನೆಲೆಯೂರಿತು. ಅಲ್ಲಿಂದ ಇಳಿದು ಬಯಲಿನ ಬೆಚ್ಚನೆಯ ನೀರಿಗೆ ಬಂದು ಅದು ಬದುಕಲಾರದು. ಮೇಲೆ ಹೇಳಿದ ಆಮ್ಲಜನಕದ ಲೆಕ್ಕವೇ ಅದಕ್ಕೆ ಕಾಣದ ಬೇಲಿ.

ನಮ್ಮ ಬಯಲಿನ ಹೊಳೆಗಳಿಗೂ ಶರದೃತುವಿನಲ್ಲಿ ಒಂದು ವಿಶೇಷ ಉಂಟು. ಅಗಸ್ತ್ಯ ನಕ್ಷತ್ರ ಮೂಡಿದಾಗ ನೀರು ತಿಳಿಯಾಗುತ್ತದೆಂದು ನಮ್ಮ ಪ್ರಾಚೀನರು ಹೇಳುತ್ತಿದ್ದರು. ನಕ್ಷತ್ರ ಇಲ್ಲಿ ಕಾಲಸೂಚಿಯೇ ಹೊರತು ಕಾರಣವಲ್ಲ. ಕಾರಣ ಸ್ಟೋಕ್ಸನ ನಿಯಮ. ನೀರಿನಲ್ಲಿ ಇಳಿಯುವ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟಿರುವ ಗೋಡುಮಣ್ಣಿನ ಕಣ ನಿಂತ ನೀರಿನಲ್ಲಿ ಒಂದು ಮೀಟರು ಇಳಿಯಲು ಮುಕ್ಕಾಲು ಗಂಟೆಯಷ್ಟು ಸಾಕು. ಅದಕ್ಕಿಂತ ಹತ್ತು ಪಟ್ಟು ಸಣ್ಣದಾದ ಜೇಡಿಕಣಕ್ಕೆ ನೂರು ಪಟ್ಟು, ಎಂದರೆ ಮೂರು ದಿನಕ್ಕೂ ಹೆಚ್ಚು ಕಾಲ ಬೇಕು. ಪ್ರವಾಹದ ಕಲಕಾಟ ನಿಂತ ಮೇಲಷ್ಟೇ ಇದು ಸಾಧ್ಯ. ಮುಂಗಾರು ಹಿಂದೆ ಸರಿದು ಕಾವೇರಿ ತಿಳಿಯಾದಂತೆಲ್ಲ, ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಬೇಟೆ ಸುಲಭ.

ಕಾವೇರಿಯ ಬಿಳಿಮೀನು

ಅಂಥ ಮೀನುಗಳಲ್ಲಿ ಅಗ್ರಗಣ್ಯವಾದುದು ಮಹಶೀರ್. ಕಾವೇರಿ ತೀರದವರ ಬಾಯಲ್ಲಿ ಬಿಳಿಮೀನು. ಅಂಗೈಯಗಲದ ಹುರುಪೆ, ರಭಸದ ನೀರನ್ನು ಸೀಳುವ ಮೈಕಟ್ಟು ಇದರ ಲಕ್ಷಣ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿರುವ ಹಲ್ಲುಗಳಿಂದಲೇ ಏಡಿಯ ಚಿಪ್ಪನ್ನು ನುಚ್ಚುಮಾಡುತ್ತದೆ. ಹಣ್ಣು, ಕಾಳು, ಏಡಿ, ಮರಿಮೀನು ಎಲ್ಲವೂ ಅದಕ್ಕೆ ಆಗುತ್ತದೆ. ಲೋಹದ ಚಮಚೆಯ ಗಾಳಕ್ಕೂ ಸ್ಟ್ರೀಮರಿಗೂ ಎರಗುವ ಈ ಮೀನು ನಮ್ಮ ರಾಗಿಯ ಉಂಡೆಗೂ ಮನಸೋಲುತ್ತದೆ. ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ ೧೮೭೩ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥದ ಮೂಲಕ ಇದರ ಕೀರ್ತಿ ದೂರದೇಶಗಳಿಗೆ ಹಬ್ಬಿತು. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡಿ ಮೂರ್ತಿಗಳಾಗಿ ನಿಲ್ಲಿಸುವುದಕ್ಕೆ ಹೆಸರಾಗಿದ್ದ ವ್ಯಾನ್ ಇಂಗೆನ್ ಮನೆತನದ ಜೆ. ಡಿ ವೆಟ್ ವ್ಯಾನ್ ಇಂಗೆನ್ ಅವರು ೧೯೪೬ರಲ್ಲಿ ಕಬಿನಿ ಹೊಳೆಯಲ್ಲಿ ೧೨೦ ಪೌಂಡು, ಎಂದರೆ ೫೪ ಕಿಲೋಗ್ರಾಮಿಗೂ ಮಿಕ್ಕಿ ತೂಗಿದ ಮಹಶೀರನ್ನು ಗಾಳದಿಂದ ಹಿಡಿದರು. ಆ ತೂಕ ಇಂದಿಗೂ ದಾಖಲೆಯಾಗಿ ಉಲ್ಲೇಖಿತವಾಗುತ್ತಿದೆ.

ಇಷ್ಟು ಪ್ರಸಿದ್ಧವಾದ, ಬೆನ್ನು ಗೂನಾಗಿ ಉಬ್ಬಿದ ಈ ಕಾವೇರಿಯ ದೈತ್ಯನಿಗೆ ಖಚಿತವಾದ ವೈಜ್ಞಾನಿಕ ಹೆಸರು ೨೦೧೮ರವರೆಗೂ ಇರಲಿಲ್ಲ ಎಂಬುದು ಆಶ್ಚರ್ಯದ ಸಂಗತಿ. ಆ ವರ್ಷ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರು ಮೋಯಾರ್ ಹೊಳೆಯಲ್ಲಿ ದೊರೆತ ಮೀನುಗಳನ್ನು ಪರೀಕ್ಷಿಸಿ, ಇದು ಕೇರಳದ ಪಾಂಬಾರ್ ಹೊಳೆಯಿಂದ ಕೆಲವು ವರ್ಷ ಮುಂಚೆ ವರ್ಣಿತವಾಗಿದ್ದ ‘ಟಾರ್ ರೆಮಾದೇವಿಯೈ’ ಎಂಬ ಜಾತಿಯೇ ಎಂದು ನಿರ್ಧರಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ದೊರೆಯುವ ಹೊತ್ತಿಗೆ ಮೀನು ಮರೆಯಾಗುವ ಅಂಚಿಗೆ ಬಂದಿತ್ತು.

ಅದು ಕ್ಷೀಣಿಸುತ್ತಿರುವುದು ತಿಳಿದುಬಂದ ಬಗೆ ಇನ್ನೂ ವಿಚಾರಾರ್ಹ. ಕಾವೇರಿಯ ಗಾಳಿಬೋರೆಯ ಶಿಬಿರದಲ್ಲಿ ಗಾಳ ಹಾಕುವವರು ಹಿಡಿದ ಮೀನನ್ನು ತೂಗಿ, ಮರಳಿ ನೀರಿಗೆ ಬಿಟ್ಟು, ದಿನಚರಿಯಲ್ಲಿ ಬರೆದಿಡುತ್ತಿದ್ದರು. ೧೯೯೮ರಿಂದ ೨೦೧೨ರವರೆಗಿನ ಈ ದಾಖಲೆಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವಿತ್ತು. ೨೦೧೫ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಒಟ್ಟು ಮೀನುಗಳ ಸಂಖ್ಯೆ ವರ್ಷೇ ವರ್ಷೇ ಏರಿತ್ತು. ಇಷ್ಟನ್ನೇ ನೋಡಿದವರು ‘ಮಹಶೀರ್ ಸುಖವಾಗಿದೆ’ ಎಂದಾರು. ಆದರೆ ಜಾತಿವಾರು ಬೇರ್ಪಡಿಸಿದಾಗ ಚಿತ್ರವೇ ಬದಲಾಯಿತು. ಏರಿದುದು ನೀಲಿರೆಕ್ಕೆಯ ಮಹಶೀರಿನ ಸಂಖ್ಯೆ. ಮಹಾರಾಷ್ಟ್ರದ ಲೋಣಾವಳದ ಕೇಂದ್ರದಲ್ಲಿ ಕೃತಕವಾಗಿ ಬೆಳೆಸಿದ ಇದರ ಮರಿಗಳನ್ನು, ಕಾವೇರಿಯ ಮೀನಿನ ಸಂಪತ್ತು ಹೆಚ್ಚಲೆಂಬ ಸದುದ್ದೇಶದಿಂದಲೇ, ೧೯೭೦ರ ದಶಕದ ತರುವಾಯ ಹೊಳೆಗೆ ಬಿಡಲಾಗಿತ್ತು. ಗೂನುಬೆನ್ನಿನ ಮೂಲನಿವಾಸಿ ಮಾತ್ರ ಅದೇ ಕಾಲದಲ್ಲಿ ವಿರಳಾತಿವಿರಳವಾಗಿತ್ತು. ಹೊರಗಿನ ಮಹಶೀರಿನ ಪೈಪೋಟಿಯೊಡನೆ ಅಣೆಕಟ್ಟು, ಮರಳುಗಣಿ, ಸಿಡಿಮದ್ದಿನಿಂದ ಮೀನು ಕೊಲ್ಲುವ ದುಷ್ಟ ಪದ್ಧತಿ ಇವೂ ಸೇರಿ ಅದನ್ನು ಮೂಲೆಗೊತ್ತಿವೆ. ಸರಾಸರಿಯೊಂದೇ ಸತ್ಯವನ್ನು ಹೇಳುವುದಿಲ್ಲ, ಬೆರೆತುದನ್ನು ಬೇರ್ಪಡಿಸಿ ಅಳೆಯಬೇಕು ಎಂಬ ಪ್ರಯೋಗಶಾಲೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ವನ್ಯಜೀವಿ ಕಾನೂನಿನ ಮೇರೆಗೆ ಕಾವೇರಿ ಅಭಯಾರಣ್ಯದಲ್ಲಿ ಗಾಳದ ಶಿಬಿರಗಳು ನಿಂತವು. ೨೦೧೨ರ ಬಳಿಕ ಆ ದಿನಚರಿಯೂ ನಿಂತಿತು. ಇಲ್ಲಿ ಎರಡು ವಾದಗಳಿವೆ. ವಿನೋದಕ್ಕಾಗಿ ಜೀವಿಯನ್ನು ನೋಯಿಸುವುದು ಅಭಯಾರಣ್ಯದ ಅರ್ಥಕ್ಕೇ ವಿರುದ್ಧ ಎಂಬುದು ಒಂದು. ದಡದಲ್ಲಿ ಹಗಲೆಲ್ಲ ಕಣ್ಣಿಟ್ಟಿರುವವರಿದ್ದರೆ ಸಿಡಿಮದ್ದಿನ ಕಳ್ಳರು ಸುಳಿಯುವುದಿಲ್ಲ, ಮೀನಿನ ಲೆಕ್ಕವೂ ಸಿಗುತ್ತದೆ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಗಾಳವನ್ನು ನಿಲ್ಲಿಸಿದ ಕಡೆ ಬೇರೆ ವಿಧಾನದಿಂದಾದರೂ ಎಣಿಕೆ ಮುಂದುವರಿಯಬೇಕೆಂಬುದರಲ್ಲಿ ವಿವಾದವಿರಬಾರದು. ಎಣಿಸದೆ ಬಿಟ್ಟ ಮೀನು ಇದೆಯೋ ಇಲ್ಲವೋ ಎಂದು ಹೇಳುವವರಾರು?

ಹಿಡಿದ ಮೀನನ್ನು ಬಿಟ್ಟಮಾತ್ರಕ್ಕೆ ಅದು ಬದುಕಿತೆಂದೂ ಭಾವಿಸುವಂತಿಲ್ಲ. ಬಹಳ ಹೊತ್ತು ಎಳೆದಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿರುತ್ತದೆ. ಆಮ್ಲಜನಕ ಕಡಿಮೆಯಿರುವ ಬೆಚ್ಚನೆಯ ನೀರಿನಲ್ಲಿ ಅದು ಚೇತರಿಸಿಕೊಳ್ಳುವುದು ನಿಧಾನ. ನೀರೊಳಗಿನ ಮೀನಿಗೆ ಆರ್ಕಿಮಿಡೀಸನ ತತ್ತ್ವದಂತೆ ತನ್ನ ಮೈಭಾರ ಇಲ್ಲದಂತೆಯೇ. ಮೂವತ್ತು ಕಿಲೋ ತೂಗುವ ಮೀನನ್ನು ಛಾಯಾಚಿತ್ರಕ್ಕಾಗಿ ಬಾಯಿ ಹಿಡಿದು ಮೇಲೆತ್ತಿದರೆ, ಆ ಮೂವತ್ತು ಕಿಲೋ ಭಾರವೂ ಅದರ ದವಡೆಯ ಮೇಲೆ, ಒಳಗಿನ ಅಂಗಗಳ ಮೇಲೆ ಒಮ್ಮೆಲೇ ಬೀಳುತ್ತದೆ. ಕೊಕ್ಕೆಯಿಲ್ಲದ ಮುಳ್ಳು, ಬೇಗ ದಡ ಮುಟ್ಟಿಸುವಷ್ಟು ಗಟ್ಟಿಯಾದ ನೂಲು, ನೀರಿನಿಂದ ಮೇಲೆತ್ತದೆಯೇ ಬಿಡುಗಡೆ ಇವು ಗಾಳಕ್ಕೆ ಅನುಮತಿಯಿರುವ ಕಡೆ ಪಾಲಿಸಬೇಕಾದ ಕನಿಷ್ಠ ಧರ್ಮ.

ಗಾಳವನ್ನೇ ಮುಟ್ಟದೆ ಈ ವಿಷಯಗಳನ್ನು ಪರೀಕ್ಷಿಸಬಯಸುವ ವಿದ್ಯಾರ್ಥಿಗಳಿಗೆ ದಾರಿಗಳು ಹಲವು. ಐದಾರು ಮೀಟರಿನ ಹತ್ತಿಹಗ್ಗವನ್ನು ಅಂಗಳದಲ್ಲಿ ಹಾಸಿ, ಒಂದು ತುದಿಯನ್ನು ಬೀಸಿ ನಿಲ್ಲಿಸಿದರೆ ಮಡಿಕೆ ಓಡುವುದನ್ನು ಕಣ್ಣಾರೆ ಕಾಣಬಹುದು. ಗಾಜಿನ ಲೋಟದಲ್ಲಿ ನೀರು ತುಂಬಿ ಬದಿಯಿಂದ ಮೇಲ್ನೋಡಿದರೆ ನೀರಿನ ಮೇಲ್ಮೈ ಬೆಳ್ಳಿಯ ಕನ್ನಡಿಯಾಗುವುದನ್ನು ನೋಡಬಹುದು. ಇನ್ನು ಮೀನುಗಳೇ ಬೇಕೆಂದರೆ, ಶರತ್ಕಾಲದ ರಜೆಯಲ್ಲಿ ಕಾವೇರಿಯ ರಾಮನಾಥಪುರಕ್ಕೋ ತುಂಗೆಯ ಶೃಂಗೇರಿಗೋ ಹೋಗಿ. ಅಲ್ಲಿ ದೇವರ ಮೀನುಗಳೆಂದು ಜನರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮೀನುಗಳು ಸೋಪಾನದ ಬಳಿಯೇ ಗುಂಪಾಗಿರುತ್ತವೆ. ದಡದಿಂದ ಹತ್ತು ಹೆಜ್ಜೆ ಹಿಂದೆ ನಿಂತಾಗ ಮತ್ತು ಅಂಚಿಗೆ ಬಂದು ಬಗ್ಗಿದಾಗ ಅವುಗಳ ವರ್ತನೆಯಲ್ಲಿ ಏನು ವ್ಯತ್ಯಾಸವಾಗುತ್ತದೆ, ಒಂದೇ ಬಗೆಯವೆಂದು ತೋರುವ ಗುಂಪಿನಲ್ಲಿ ಎಷ್ಟು ಬಗೆಗಳಿವೆ ಎಂಬುದನ್ನು ತಾಳ್ಮೆಯಿಂದ ಗಮನಿಸಿ, ದಿನಾಂಕದೊಡನೆ ಬರೆದಿಟ್ಟುಕೊಳ್ಳಿ. ಗಾಳಿಬೋರೆಯ ದಿನಚರಿಯೂ ಇಂಥ ಸಣ್ಣ ಟಿಪ್ಪಣಿಗಳಿಂದಲೇ ಬೆಳೆದದ್ದು.